ಅಕ್ಕಿಕಾಳಿನಷ್ಟು ಗೆರೆ

ನಾನು ಒಂದು ನಕಲು ಯಂತ್ರ. ನಿಮ್ಮ ಬಾಯಲ್ಲಿ ಜೆರಾಕ್ಸ್ ಮಷೀನು. ಅದು ನನ್ನನ್ನು ಮಾಡಿದ ಕಂಪನಿಯ ಹೆಸರೇನಲ್ಲ. ಆದರೆ ಊರೆಲ್ಲ ಹಾಗೇ ಕರೆಯುವಾಗ ನಾನು ಬೇಡವೆಂದರೆ ಕೇಳುವವರು ಯಾರು? ಕರೆದರೆ ಓಗೊಡುತ್ತೇನೆ, ಅಷ್ಟೆ. ಈಗ ವಯಸ್ಸಾಗಿದೆ. ಮಾತು ಉದ್ದವಾದರೆ ಸ್ವಲ್ಪ ಸಹಿಸಿಕೊಳ್ಳಿ. ಒಂದು ತಪ್ಪನ್ನು ಹೇಳಿಕೊಳ್ಳುವುದಿದೆ. ಅಲ್ಲಿಗೆ ಬರಲು ನನಗೇ ಧೈರ್ಯ ಸಾಲದೆ ಸುತ್ತಿ ಬಳಸಿ ಬರುತ್ತಿದ್ದೇನೆ.

ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದರು. ಹೊಟ್ಟೆಯಲ್ಲಿ ದೀಪ, ಉರುಳೆಗಳು, ಕಪ್ಪು ಪುಡಿಯ ಡಬ್ಬಿ. ಎದೆಯ ಜಾಗದಲ್ಲಿ ಒಂದು ಗಾಜು. ಆ ಗಾಜನ್ನು ಕೂರಿಸಿದ ಹೆಂಗಸು ಬಿಳಿ ಕೈಗವಸು ತೊಟ್ಟಿದ್ದಳು. ಮೂರು ಸಲ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಸರಿ ಎಂಬಂತೆ ತಲೆಯಾಡಿಸಿದಳು. ಅವಳ ಭಾಷೆ ನನಗೆ ತಿಳಿಯಲಿಲ್ಲ. ಇದನ್ನು ಹೀಗೇ ಇಟ್ಟುಕೋ ಎಂದಳು ಅಂತಲೇ ಅಂದುಕೊಂಡೆ. ಇಟ್ಟುಕೊಳ್ಳಲಾಗಲಿಲ್ಲ.

ಹಡಗು, ಲಾರಿ, ನಾಲ್ಕು ಜನರ ಹೆಗಲು ದಾಟಿ ನಾನು ಬಂದು ಬಿದ್ದದ್ದು ಒಂದು ಪೇಟೆಂಟ್ ಕಚೇರಿಗೆ. ಹೊಸದೇನಾದರೂ ಕಂಡುಹಿಡಿದವರು ಇದು ನನ್ನದು ಎಂದು ಸರ್ಕಾರದಿಂದ ಬರೆಸಿಕೊಳ್ಳುವ ಜಾಗ ಅದು. ಯಾವ ಊರಿನ ಕಚೇರಿ ಎಂದು ಮಾತ್ರ ಕೇಳಬೇಡಿ. ಮೊಗಸಾಲೆಯಲ್ಲಿ ಸೂರು ಸೋರುತ್ತಿದ್ದುದರಿಂದ ನನ್ನನ್ನು ವಿಚಾರಣೆಯ ಕೋಣೆಯ ಮೂಲೆಯಲ್ಲೇ ನಿಲ್ಲಿಸಿದರು. ಹಾಗಾಗಿ ಅರ್ಜಿದಾರರ ವಾದ, ಅಧಿಕಾರಿಗಳ ಉತ್ತರ ಎಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಬೇಡವೆಂದರೆ ಮುಚ್ಚಿಕೊಳ್ಳಲು ನನಗೆ ಕಿವಿ ಎಲ್ಲಿದೆ?

ನನ್ನನ್ನು ನೋಡಿಕೊಳ್ಳುತ್ತಿದ್ದವನು ದೊರೆಸ್ವಾಮಿ. ಹೊಸೂರು ಕಡೆಯ ಅಟೆಂಡರು, ಐವತ್ತು ದಾಟಿದವನು. ಹಾಳೆ ಸಿಕ್ಕಿಕೊಂಡರೆ ನನ್ನ ಬೆನ್ನು ತಟ್ಟಿ, “ಯಾಕಪ್ಪಾ, ಇವತ್ತು ಮನಸ್ಸು ಸರೀಗಿಲ್ವಾ?” ಎಂದು ಕೇಳುತ್ತಿದ್ದ. ಸುಳ್ಳು ಯಾಕೆ ಹೇಳಲಿ, ಹಾಳೆ ಕಚ್ಚಿ ಹಿಡಿಯುವುದು ನನ್ನ ಕೆಟ್ಟ ಚಾಳಿ. ಕಾರಣವಿದ್ದೇ ಕಚ್ಚಬೇಕೆಂದಿಲ್ಲ. ಸೆಖೆಯಾದರೆ ಕಚ್ಚುತ್ತಿದ್ದೆ, ಮಳೆ ಬಂದರೆ ಕಚ್ಚುತ್ತಿದ್ದೆ. ಸಾಹೇಬರು ಅವಸರದಲ್ಲಿದ್ದರೆ ಇನ್ನೂ ಗಟ್ಟಿಯಾಗಿ ಕಚ್ಚುತ್ತಿದ್ದೆ.

ಇನ್ನೊಬ್ಬರು ಸರ್ವಮಂಗಳಾ ಮೇಡಂ. ನಾನು ಹೇಳಬೇಕಾದ ಕಥೆಯೆಲ್ಲ ಅವರದೇ. ತಿಪಟೂರಿನವರು, ಭೌತಶಾಸ್ತ್ರ ಓದಿದವರು, ಪರೀಕ್ಷಕಿ. ಅರ್ಜಿ ಬಂದರೆ ಅದರಲ್ಲಿ ಹೇಳಿದ್ದನ್ನು ಜಗತ್ತಿನಲ್ಲಿ ಇನ್ನಾರಾದರೂ ಮೊದಲೇ ಬರೆದಿಟ್ಟಿದ್ದಾರೆಯೇ ಎಂದು ಹುಡುಕುವುದು ಅವರ ಕೆಲಸ. ಅಂಥ ಹಟದವರನ್ನು ನಾನು ಕಂಡಿಲ್ಲ. ಒಂದು ಕಡತ ಮುಗಿಯದೆ ಕಾಫಿ ಲೋಟಕ್ಕೆ ಕೈ ಹಾಕುತ್ತಿರಲಿಲ್ಲ. ನನ್ನ ಮೇಲೆ ಕಾಗದ ಇಡುವ ಮೊದಲು ಪಿನ್ನು, ಕ್ಲಿಪ್ಪು ಎಲ್ಲ ಬಿಡಿಸಿ ಅಂಗೈಯಲ್ಲಿ ಹಿಡಿದುಕೊಂಡು, “ಗಾಜಿಗೆ ಗೀರು ಬಿದ್ದೀತು ದೊರೆ, ನೀನೂ ಹೀಗೇ ಮಾಡು” ಎನ್ನುತ್ತಿದ್ದರು. ಆ ಮಾತು ನೆನಪಾದರೆ ಈಗಲೂ ಎದೆ ಚುರ್ರೆನ್ನುತ್ತದೆ.

ಆ ವರ್ಷದ ಆಯುಧಪೂಜೆ. ಕಚೇರಿಯ ಟೈಪ್‌ರೈಟರು, ಕಂಪ್ಯೂಟರು, ಸಾಹೇಬರ ಕಾರು ಎಲ್ಲಕ್ಕೂ ಚೆಂಡುಹೂವಿನ ಹಾರ. ನನಗೆ ಎಲ್ಲರಿಗಿಂತ ದಪ್ಪದ್ದು. ಮುಚ್ಚಳದ ಸುತ್ತ ಹಾರ ಸುತ್ತಬೇಕೆಂದು ದೊರೆಸ್ವಾಮಿ ಅದನ್ನು ಮೇಲೆತ್ತಿಟ್ಟಿದ್ದ. ಸರ್ವಮಂಗಳಾ ಮೇಡಂ ಹಿತ್ತಾಳೆ ತಟ್ಟೆಯಲ್ಲಿ ಆರತಿ ತಂದು ನನಗೆ ಬೆಳಗಿದರು. ಅಷ್ಟರಲ್ಲಿ ಬಾಗಿಲಲ್ಲಿ ಕುಂಬಳಕಾಯಿ ಒಡೆಯಲು ಕರೆದರು. ತಟ್ಟೆ ಇಡಲು ಬೇರೆ ಜಾಗ ಕಾಣದೆ ಅವರು ಅದನ್ನು ನನ್ನ ಗಾಜಿನ ಮೇಲೇ ಇಟ್ಟರು. ಮರಳಿ ಬಂದು ಸರಕ್ಕನೆ ಎಳೆದುಕೊಂಡರು. ಕರ್ ಎಂದಿತು. ಗಂಟೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಅಕ್ಕಿಕಾಳಿನಷ್ಟುದ್ದದ ಗೀರು. ತಟ್ಟೆಯಿಂದ ಚೆಲ್ಲಿದ ಎಣ್ಣೆಯಲ್ಲಿ ಕುಂಕುಮ ಕಲೆತು ಅದರೊಳಗೆ ಕೂತುಬಿಟ್ಟಿತು. ರಜೆ ಮುಗಿದು ಬಂದ ದೊರೆಸ್ವಾಮಿ ಒಣಬಟ್ಟೆಯಿಂದ ಹಗುರವಾಗಿ ಒರೆಸಿ, “ತಾಯಿ ಕುಂಕುಮ, ನೀರು ಹಾಕಿ ತೊಳೀಬಾರ್ದು” ಎಂದು ಕೈಮುಗಿದ. ಕೆಂಪು ಬಣ್ಣ ನನ್ನ ಕಣ್ಣಿಗೆ ಕಪ್ಪಾಗಿ ಕಾಣುತ್ತದೆ. ಅಂದಿನಿಂದ ನಾನು ಕೊಟ್ಟ ಪ್ರತಿ ನಕಲಿನಲ್ಲೂ ಒಂದೇ ಜಾಗದಲ್ಲಿ ಒಂದು ಪುಟ್ಟ ಕಪ್ಪು ಗೆರೆ. ಬರಹದ ಹಾಳೆಯಲ್ಲಿ ಅದು ಯಾವುದೋ ಅಕ್ಷರದ ಬಾಲದಂತೆ ಇರುತ್ತಿತ್ತು. ಯಾರೂ ಗಮನಿಸಲಿಲ್ಲ. ಪೂಜೆ ಮಾಡಿಸಿಕೊಂಡ ಜಂಬದಲ್ಲಿ ನಾನೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅದೇ ವಾರ ಮೇಡಂ ಒಂದು ದಪ್ಪ ಪುಸ್ತಕ ಹೊತ್ತು ತಂದರು. ಜಪಾನಿ ಭಾಷೆಯ ಹಳೆಯ ಪೇಟೆಂಟುಗಳ ಸಂಪುಟ. ಬೇರೊಂದು ಕಚೇರಿಯಿಂದ ನಾಲ್ಕು ದಿನಕ್ಕೆಂದು ತರಿಸಿದ್ದು. ಈಗಿನಂತೆ ಆಗ ಎಲ್ಲವೂ ಕಂಪ್ಯೂಟರಿನಲ್ಲಿ ಸಿಗುತ್ತಿರಲಿಲ್ಲ. ಬರಹ ಅವರಿಗೆ ಓದಲು ಬಾರದು, ಚಿತ್ರವೇ ಆಧಾರ. ಅವರು ಪರೀಕ್ಷಿಸುತ್ತಿದ್ದ ಅರ್ಜಿ ಕೂಡ್ಲಿಗಿ ಕಡೆಯ ಕೊಟ್ರೇಶಪ್ಪ ಎಂಬ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರದ್ದು. ಆರು ವರ್ಷ ಕೂತು, ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ಗೆರೆ ಎಳೆದು ಮಾಡಿದ್ದು.

ಅದೇನೆಂದು ನನಗೆ ತಿಳಿದಷ್ಟು ಹೇಳುತ್ತೇನೆ. ಫೋನು, ಟಿ.ವಿ.ಗಳ ಪರದೆಯಲ್ಲಿ ತಾವೇ ಬೆಳಗುವ ಚುಕ್ಕಿಗಳಿರುತ್ತವೆಯಂತೆ, ಸಾಸಿವೆಗಿಂತ ಸಣ್ಣವು, ಲಕ್ಷಗಟ್ಟಲೆ. ಪಿಕ್ಸೆಲ್ ಎನ್ನುತ್ತಾರೆ. ಪ್ರತಿ ಚುಕ್ಕಿಗೂ ಕೆಪಾಸಿಟರ್ ಎಂಬ ಒಂದು ಪುಟ್ಟ ಬಿಂದಿಗೆ. ಅದರಲ್ಲಿ ತುಂಬಿಟ್ಟ ವಿದ್ಯುತ್ತಿನ ಅಳತೆಗೆ ತಕ್ಕಂತೆ, ಮುಂದಿನ ಸರದಿ ಬರುವವರೆಗೆ ಚುಕ್ಕಿ ಬೆಳಗಬೇಕು. ತೊಂದರೆಯೆಂದರೆ ಬಿಂದಿಗೆಯೇ ಜಾಗ ತಿಂದು ಬೆಳಕಿಗೆ ಜಾಗ ಉಳಿಯುವುದಿಲ್ಲ. ಕೊಟ್ರೇಶಪ್ಪನವರು ಬಿಂದಿಗೆಯನ್ನು ವಿದ್ಯುತ್ತು ಹರಿಯುವ ಕೊಳವೆಯ ಕೆಳಗೇ ಕೂರಿಸಿದ್ದರು. ಕೊಳವೆಯ ಗೋಡೆಯೇ ಬಿಂದಿಗೆಗೂ ಒಂದು ಗೋಡೆ. ಜಾಗ ಉಳಿಯಿತು, ಬೆಳಕು ಹೆಚ್ಚಿತು. ಜಪಾನಿನ ಹಳೆಯ ಚಿತ್ರದಲ್ಲೂ ಕೊಳವೆ, ಬಿಂದಿಗೆ ಎರಡೂ ಇದ್ದವು. ಆದರೆ ಅಕ್ಕಪಕ್ಕ, ಬೇರೆ ಬೇರೆ. ನಡುವೆ ಅಕ್ಕಿಕಾಳಿನಷ್ಟು ಸಂದು.

ಮೇಡಂ ಆ ಪುಟವನ್ನು ನನ್ನೆದೆಗೆ ಒತ್ತಿದರು. ನನ್ನ ಗೀರು ಸರಿಯಾಗಿ ಆ ಸಂದಿನಲ್ಲಿ ಕೂತಿತು. ಹೊರಬಂದ ನಕಲಿನಲ್ಲಿ ಬಿಂದಿಗೆ ಕೊಳವೆಗೆ ಅಂಟಿಕೊಂಡಿತ್ತು, ಎರಡಕ್ಕೂ ಒಂದೇ ಗೋಡೆ ಎಂಬಂತೆ.

ಅವರು ಹಾಳೆಯನ್ನು ನೋಡಿ, “ಅರೆ, ಇಲ್ಲೇ ಇದೆಯಲ್ಲ” ಎಂದರು. ಅಸಲು ಪುಟದತ್ತ ಇನ್ನೊಮ್ಮೆ ಕಣ್ಣು ಹಾಯಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಪುಸ್ತಕ ಆ ಸಂಜೆಯ ಟಪಾಲಿಗೆ ಹೋಗಬೇಕಿತ್ತು. ದೊರೆಸ್ವಾಮಿ ಕಟ್ಟುವ ದಾರ ಹಿಡಿದು ನಿಂತಿದ್ದ. ಪುಸ್ತಕ ಹೋಯಿತು, ನನ್ನ ನಕಲು ಕಡತ ಸೇರಿತು. ಇದೇ ಉಪಾಯ ಮೊದಲೇ ಇದೆ, ಹೊಸದಲ್ಲ ಎಂದು ಮೇಡಂ ವರದಿ ಬರೆದು, ಮೇಷ್ಟ್ರ ಕಾಲೇಜಿನ ವಿಳಾಸಕ್ಕೆ ಪತ್ರ ಕಳಿಸಿದರು.

ಫೆಬ್ರವರಿಯಲ್ಲಿ ವಿಚಾರಣೆ. ಕೊಟ್ರೇಶಪ್ಪನವರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಗಲಲ್ಲಿ ಸುರುಳಿ ಸುತ್ತಿದ ಗ್ರಾಫ್ ಹಾಳೆ. ಎದುರಿಗೆ ಸಹಿ ಹಾಕುವ ಸಾಹೇಬರು ಕೂತಿದ್ದರು. ಅವರಿಗೆ ಕನ್ನಡ ಬಾರದು, ಮೇಡಂ ಮಾತಾಡಲಿ ಎಂದು ಸುಮ್ಮನಿದ್ದರು.

“ಮೇಡಮ್ಮೋರೆ, ಈ ಗೆರಿ ಇಲ್ಲಿ ಇರಾಕ ಸಾಧ್ಯಾನ ಇಲ್ರೀ” ಎಂದರು ಮೇಷ್ಟ್ರು, ಕಡತದಲ್ಲಿದ್ದ ನನ್ನ ನಕಲಿನ ಮೇಲೆ ಬೆರಳಿಟ್ಟು.

“ಯಾಕಿಲ್ಲ ಸರ್? ಚಿತ್ರದಲ್ಲೇ ಇದೆಯಲ್ಲ.”

“ಜಪಾನಿನವರ ಚಿತ್ರದಾಗ ಇಲ್ಲಿ ಜೋಡ್ಸಿದ್ರ ಬಿಂದಿಗಿ ಬರಿದಾಗಂಗೇ ಇಲ್ರೀ. ಹತ್ತಿದ ಚುಕ್ಕಿ ಹತ್ತೇ ಇರ್ತೈತಿ. ಆರದ ಪರದಿ ಯಾರಾರ ಮಾಡ್ತಾರೇನ್ರೀ? ಅಸಲು ಪುಸ್ತಕ ಒಮ್ಮಿ ತೋರಸ್ರೀ, ನೋಡ್ತೀನಿ.”

“ಅದು ಬೇರೆ ಕಚೇರಿ ಪುಸ್ತಕ, ವಾಪಸ್ ಹೋಗಿದೆ. ನೋಡಿ ಸರ್, ಮನುಷ್ಯರು ಕೈಯಲ್ಲಿ ಬರ್ಕೊಂಡಿದ್ರೆ ತಪ್ಪಾಗಿದೆ ಅನ್ನಬಹುದಿತ್ತು. ಇದು ಜೆರಾಕ್ಸು. ಮಷೀನು ಯಾಕೆ ಸುಳ್ಳು ಹೇಳುತ್ತೆ?”

ಅಯ್ಯೋ, ಆ ಮಾತು! ಮೇಷ್ಟ್ರು ತಿರುಗಿ ನನ್ನನ್ನು ನೋಡಿದರು. ನಾನು ಹಸಿರು ದೀಪ ಉರಿಸಿಕೊಂಡು ಸಾಧುವಿನಂತೆ ನಿಂತಿದ್ದೆ.

“ನಮ್ಮ ಕಾಲೇಜಿನಾಗ ನಿಮ್ಮ ಪತ್ರ ಎಲ್ಲಾರೂ ಓದ್ಯಾರ್ರೀ” ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. “ಜಪಾನಿನವರದು ನಕಲು ಹೊಡದಾನ ಅಂತಾರ. ನಕಲು ಮೇಷ್ಟ್ರು ಅಂತ ಹೆಸರಿಟ್ಟಾರ. ಮೇ ತಿಂಗಳು ರಿಟೈರಾಗ್ತೀನ್ರೀ ನಾನು. ರೊಕ್ಕ ಬರ್ಲಿ ಬಿಡ್ಲಿ, ಈ ಹೆಸರು ಹೊತ್ಕಂಡು ಹೋಗಬಾರದು ನೋಡ್ರೀ, ಅಷ್ಟ ನನಗ.”

ಮೇಡಂಗೂ ಬೇಜಾರಾಯಿತೆಂದು ಕಾಣುತ್ತದೆ. ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಆದರೆ ಕಾಗದದ ಮೇಲೆ ಇದ್ದದ್ದು ಇದ್ದಂತೆ ಹೇಳುವುದೇ ನ್ಯಾಯ ಎಂದು ನಂಬಿದ್ದವರು ಅವರು. ಮಾರ್ಚಿನಲ್ಲಿ ಅರ್ಜಿ ತಿರಸ್ಕೃತವಾಯಿತು. ಆ ಆದೇಶದ ಮೂರು ನಕಲುಗಳನ್ನೂ ನಾನೇ ತೆಗೆದುಕೊಟ್ಟೆ. ಒಂದೊಂದರಲ್ಲೂ ನನ್ನ ಗೆರೆ ಇತ್ತು.

ಸಿಕ್ಕಿಬಿದ್ದದ್ದು ಒಂದು ಕುಕ್ಕರ್ ಮುಚ್ಚಳದಿಂದ. ಏಪ್ರಿಲ್‌ನಲ್ಲಿ ಯಾರೋ ಹೊಸ ಬಗೆಯ ಕುಕ್ಕರ್ ಮುಚ್ಚಳಕ್ಕೆ ಅರ್ಜಿ ಹಾಕಿ, ಮಾದರಿಗೆಂದು ಮುಚ್ಚಳವನ್ನೇ ಕೊಟ್ಟು ಹೋಗಿದ್ದರು. ಮೇಡಂ ನನ್ನಿಂದ ಅದರ ಚಿತ್ರದ ನಕಲು ತೆಗೆಸಿ, ಮುಚ್ಚಳದ ಪಕ್ಕ ಇಟ್ಟು ನೋಡಿದರು. ಚಿತ್ರದಲ್ಲಿ ಒಂದು ಸಣ್ಣ ಕಡ್ಡಿ ಹೆಚ್ಚಿಗೆ. ಮುಚ್ಚಳದಲ್ಲಿ ಅದಿಲ್ಲ, ಅಸಲು ಚಿತ್ರದಲ್ಲೂ ಇಲ್ಲ. ಬೇರೊಂದು ನಕಲು ತೆಗೆದು ನೋಡಿದರು. ಅಲ್ಲೂ ಅದೇ ಜಾಗದಲ್ಲಿ ಅದೇ ಕಡ್ಡಿ. ಆಮೇಲೆ ಅವರು ಎದ್ದು, ಬೀರು ತೆಗೆದು, ಕೊಟ್ರೇಶಪ್ಪನವರ ಕಡತ ಬಿಚ್ಚಿದರು. ಜಪಾನಿ ಚಿತ್ರದ ನಕಲನ್ನು ಕುಕ್ಕರ್ ಚಿತ್ರದ ನಕಲಿನ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಎರಡು ಗೆರೆಗಳು ಒಂದರ ಮೇಲೊಂದು ಬಂದು ಒಂದೇ ಆದವು.

ನನ್ನ ಬಳಿ ಬಂದು ಮುಚ್ಚಳ ಎತ್ತಿದರು. ಬಗ್ಗಿ ನೋಡಿದರು. ಉಗುರಿನಿಂದ ಮುಟ್ಟಿ, ಬೆರಳ ತುದಿಗೆ ಹತ್ತಿದ ಕೆಂಪನ್ನು ನೋಡಿದರು. ತಟ್ಟೆ ಎಳೆದುಕೊಂಡದ್ದು ಆಗಲೇ ನೆನಪಾಯಿತೇನೋ, ಹೊರಗೆ ಹೋಗಿ ಕರವಸ್ತ್ರ ಒದ್ದೆ ಮಾಡಿಕೊಂಡು ಬಂದರು. ಗಾಜಿನ ಮೇಲೆ ಕೈ ಹಾಗೇ ನಿಂತಿತು. ಒಂದು ಸಲ ಒರೆಸಿದ್ದರೆ ಸಾಕಿತ್ತು. ಗೆರೆ ಮಾಯ, ಯಾರಿಗೂ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಒರೆಸಿಬಿಡಿ ಮೇಡಂ, ನನ್ನ ಮಾನ ಉಳಿಸಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಇದು ನನ್ನ ಎರಡನೆಯ ತಪ್ಪು.

ಅವರು ಒರೆಸಲಿಲ್ಲ. ಹಾಗೆಂದು ಯಾರಿಗೂ ಹೇಳಲೂ ಇಲ್ಲ. ಮುಚ್ಚಳ ಮುಚ್ಚಿ ಹೊರಟುಹೋದರು. ಆದೇಶವನ್ನು ಮರುಪರಿಶೀಲಿಸಿ ಎಂದು ಕೇಳಿಕೊಳ್ಳಲು ಅರ್ಜಿದಾರರಿಗೆ ಒಂದು ತಿಂಗಳ ಗಡುವು. ಅದರಲ್ಲಿ ಎಂಟು ದಿನ ಉಳಿದಿತ್ತು. ಮೇಡಂ ಐದು ದಿನ ಬಾಯಿ ಬಿಡಲಿಲ್ಲ. ಹದಿನೇಳು ವರ್ಷ ಒಂದು ಕಪ್ಪುಚುಕ್ಕೆಯಿಲ್ಲದೆ ಕೆಲಸ ಮಾಡಿದವರು. ಬಡ್ತಿಯ ಪಟ್ಟಿಯಲ್ಲಿ ಹೆಸರಿತ್ತು. ಕೋಣೆಗೆ ಬಂದರೆ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಾಫಿ ಲೋಟ ಮೇಜಿನ ಮೇಲೆ ಆರಿ ಕೆನೆಗಟ್ಟುತ್ತಿತ್ತು.

ಆರನೆಯ ದಿನ ಬೆಳಿಗ್ಗೆ ದೊರೆಸ್ವಾಮಿ ಖುಷಿಯಿಂದ ಹೇಳಿದ, “ಮೇಡಂ, ಮಧ್ಯಾಹ್ನ ಸರ್ವೀಸ್‌ನವ್ರು ಬರ್ತಾರೆ. ಗಾಜು ಗೀಜು ಎಲ್ಲ ಔಷಧಿ ಹಾಕಿ ತೊಳೆದು ಕೊಡ್ತಾರಂತೆ.”

“ಬೇಡ!” ಮೇಡಂ ಕಿರುಚಿದರು. ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದೇ ಅದೊಂದು ಸಲ. “ಯಾರೂ ಅದನ್ನ ಮುಟ್ಟಬೇಡಿ. ದೊರೆ, ಒಂದು ಖಾಲಿ ಹಾಳೆ ಕೊಡು.”

ಖಾಲಿ ಹಾಳೆಯನ್ನು ನನ್ನ ಮೇಲೆ ಇಟ್ಟರು. ಗುಂಡಿ ಒತ್ತಿದರು. ಹುಟ್ಟಿದಂದಿನಿಂದ ನಾನು ಬೇರೆಯವರ ಮಾತನ್ನೇ ಒಪ್ಪಿಸಿದವನು. ನನ್ನದೇ ಆದ ಒಂದು ಮಾತು ಆಡಿದ್ದು ಆ ಹಾಳೆಯಲ್ಲಿ ಮಾತ್ರ. ಬಿಳಿಯ ನಡುವೆ ಅಕ್ಕಿಕಾಳಿನಷ್ಟು ಕಪ್ಪು. ದೊರೆಸ್ವಾಮಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಏನಿಲ್ವಲ್ಲ ಮೇಡಂ ಇದರಲ್ಲಿ” ಎಂದ.

“ಇದರಲ್ಲೇ ಇರೋದು ಕಣೋ ಎಲ್ಲ” ಎಂದು ಮೇಡಂ ಕುರ್ಚಿ ಎಳೆದು ಕೂತರು. ಅಲ್ಲಿಂದಲೇ ಫೋನ್ ಹಚ್ಚಿದರು. ಅವರ ಕಡೆಯ ಮಾತಷ್ಟೇ ನನಗೆ ಕೇಳಿಸಿತು.

“ಕೊಟ್ರೇಶಪ್ಪನವರಾ? ನಾನು ಸರ್ವಮಂಗಳಾ, ಪೇಟೆಂಟ್ ಆಫೀಸಿಂದ... ಸರ್, ಆ ಗೆರೆ ಚಿತ್ರದಲ್ಲಿ ಇರಲಿಲ್ಲ. ನಮ್ಮ ಮಷೀನಿನ ಗಾಜಿನ ಮೇಲಿತ್ತು. ಗೀರು ಹಾಕಿದ್ದೂ ನಾನೇ... ಇಲ್ಲ, ಗೊತ್ತಾಗಿ ಐದು ದಿನ ಆಯ್ತು. ಹೇಳೋಕೆ ಧೈರ್ಯ ಬರ್ಲಿಲ್ಲ... ಇನ್ನು ಮೂರೇ ದಿನ ಇದೆ, ದಯವಿಟ್ಟು ಬನ್ನಿ.”

ಮೇಡಂ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾದರು.

ಕೊನೆಯ ದಿನ ಮೇಷ್ಟ್ರು ಬಂದರು. ಅಂಗಿ ಮುದುಡಿತ್ತು. ಖಾಲಿ ಹಾಳೆಯ ನಕಲನ್ನೂ ಜಪಾನಿ ಚಿತ್ರದ ನಕಲನ್ನೂ ಮೇಡಂ ಕಿಟಕಿಗೆ ಹಿಡಿದು ತೋರಿಸಿದರು. ಅವರು ನೋಡಿದರು. ಆಮೇಲೆ ಬಗಲಿನ ಗ್ರಾಫ್ ಹಾಳೆಯನ್ನು ಬಿಚ್ಚಿ ನನ್ನೆದೆಯ ಮೇಲೆ ತಾವೇ ಹರಡಿ ಗುಂಡಿ ಒತ್ತಿದರು. ಆರು ವರ್ಷದ ಗೆರೆಗಳೆಲ್ಲ ನನ್ನೊಳಗೆ ಹಾದುಹೋದವು. ಎಷ್ಟು ಸಣ್ಣ, ಎಷ್ಟು ನೇರ! ಅವುಗಳ ಮಧ್ಯೆ ನನ್ನ ದರಿದ್ರ ಗೆರೆಯನ್ನೂ ಸೇರಿಸಿ ಕೊಡಬೇಕಾಯಿತು. ಅದಕ್ಕಿಂತ ನಾಚಿಕೆಯ ಗಳಿಗೆ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

“ಸಿಟ್ಟು ಬಂದಿಲ್ಲ ಅಂದ್ರ ಸುಳ್ಳಾಗ್ತೈತ್ರೀ ಮೇಡಮ್ಮೋರೆ” ಎಂದರು ಮೇಷ್ಟ್ರು. “ಐದು ದಿನ ಸುಮ್ಕಿದ್ರೆಲ್ಲ, ಅದಕ್ಕ ಜಾಸ್ತಿ. ಆದ್ರ ಒರಸಿ ಬಿಟ್ಟಿದ್ರ ನನಗೇನ್ ಗೊತ್ತಾಗ್ತಿತ್ತು?”

ಮೇಡಂ ಮೇಷ್ಟ್ರ ಮರುಪರಿಶೀಲನೆಯ ಅರ್ಜಿಯ ಜೊತೆ ತಮ್ಮ ತಪ್ಪೊಪ್ಪಿಗೆಯನ್ನೂ ಲಗತ್ತಿಸಿದರು. ಅದನ್ನೂ ನನ್ನ ಮೇಲೆ ಮಗುಚಿ ಹಾಕಿ ನಕಲು ತೆಗೆದರು. ಸಾಹೇಬರ ಕೋಣೆಯಿಂದ ಮರಳಿದಾಗ ಕಣ್ಣು ಕೆಂಪಾಗಿತ್ತು. ಬಡ್ತಿ ಬೇರೆಯವರಿಗೆ ಹೋಯಿತು ಎಂದು ದೊರೆಸ್ವಾಮಿ ಆಮೇಲೆ ಯಾರಿಗೋ ಹೇಳುತ್ತಿದ್ದ.

ಅಸಲು ಪುಸ್ತಕ ಮತ್ತೆ ಬಂತು. ಸಂದು ಅಲ್ಲೇ ಇತ್ತು, ಬೆಳ್ಳಗೆ, ಖಾಲಿಯಾಗಿ. ಕೊಟ್ರೇಶಪ್ಪನವರಿಗೆ ಪೇಟೆಂಟ್ ಸಿಕ್ಕಿತು. ಆದರೆ ಸಿಕ್ಕಿದ್ದು ಆಗಸ್ಟಿನಲ್ಲಿ. ಮೇ ತಿಂಗಳ ಬೀಳ್ಕೊಡುಗೆಯ ದಿನ ಅವರು ಕಾಲೇಜಿನವರ ಬಾಯಲ್ಲಿ ಇನ್ನೂ ನಕಲು ಮೇಷ್ಟ್ರೇ ಆಗಿದ್ದರು. ಹಾರ ಹಾಕಿಸಿಕೊಂಡು ತಲೆ ತಗ್ಗಿಸಿಯೇ ಗೇಟು ದಾಟಿದರಂತೆ. ಪೇಟೆಂಟ್ ಪತ್ರ ಪಡೆಯಲು ಬಂದಾಗ ಅವರೇ ಇದನ್ನು ಹೇಳಿದರು. ನಗುತ್ತಲೇ ಹೇಳಿದರು. ಮೇಡಂ ನಗಲಿಲ್ಲ.

ಆಮೇಲಿನ ಪ್ರತಿ ಆಯುಧಪೂಜೆಗೂ ಮೇಡಂ ನನ್ನ ಗಾಜನ್ನು ಒದ್ದೆ ಬಟ್ಟೆಯಿಂದ ತಾವೇ ಒರೆಸುತ್ತಿದ್ದರು. ಹಾರವಿಲ್ಲ, ಆರತಿಯಿಲ್ಲ. ಒಂದು ಖಾಲಿ ಹಾಳೆಯ ನಕಲು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅದೇ ಅವರ ಪೂಜೆ. ಕುಂಕುಮ ಹೋದ ಮೇಲೆ ಗೆರೆ ಮೂಡುತ್ತಿರಲಿಲ್ಲ. ಆದರೂ ಆ ಜಾಗವನ್ನು ಬೆರಳಿನಿಂದ ಸವರಿ ನೋಡುವುದನ್ನು ಅವರು ಬಿಡಲಿಲ್ಲ.

ಅವರು ನಿವೃತ್ತರಾದ ವರ್ಷವೇ ನನ್ನನ್ನು ಹರಾಜು ಹಾಕಿದರು. ಕೆಲವು ವರ್ಷ ಒಂದು ತಾಲೂಕು ಕಚೇರಿಯ ಎದುರಿನ ಅಂಗಡಿಯಲ್ಲಿ ಪಹಣಿ, ಜಾತಿ ಪ್ರಮಾಣಪತ್ರಗಳ ನಕಲು ತೆಗೆದೆ. ಉರುಳೆ ಸವೆಯಿತು, ದೀಪ ಸುಟ್ಟುಹೋಯಿತು. ಈಗ ಅದೇ ಅಂಗಡಿಯ ಹಿಂಬದಿಯ ಮೂಲೆಯಲ್ಲಿದ್ದೇನೆ. ನನ್ನ ಮುಚ್ಚಳದ ಮೇಲೆ ಹಾಳೆಯ ಕಟ್ಟುಗಳು, ಪಕ್ಕದಲ್ಲಿ ಟೀ ಫ್ಲಾಸ್ಕು. ಅಂಗಡಿಯ ಯಜಮಾನರು ಹಬ್ಬಕ್ಕೆ ನನಗೂ ಒಂದು ಹೂವು ಇಡುತ್ತಾರೆ. ಗಾಜಿನ ಮೇಲಲ್ಲ, ಪುಣ್ಯ.

ಹೊತ್ತು ಹೋಗದಾಗ ಆ ಅಕ್ಟೋಬರಿನಿಂದ ಏಪ್ರಿಲಿನವರೆಗೆ ನಾನು ಕೊಟ್ಟ ಹಾಳೆಗಳೆಲ್ಲ ಕಣ್ಣಮುಂದೆ ಬರುತ್ತವೆ. ಇನ್ನೆಷ್ಟು ಚಿತ್ರಗಳಲ್ಲಿ ನನ್ನ ಗೆರೆ ಎಲ್ಲೆಲ್ಲಿ ಕೂತಿದೆಯೋ, ಯಾರ ತಲೆ ತಗ್ಗಿಸಿದೆಯೋ ದೇವರಿಗೇ ಗೊತ್ತು. ಮೇಡಂ ತಮ್ಮ ತಪ್ಪನ್ನು ಹೇಳಿಕೊಂಡರು, ಅದಕ್ಕೆ ತೆರಬೇಕಾದ್ದನ್ನೂ ತೆತ್ತರು. ನನಗೆ ಬಾಯಿಲ್ಲ ಎಂದು ನೀವು ಸಮಾಧಾನ ಹೇಳಬಹುದು. ಬೇಡ. ಬಾಯಿಲ್ಲದಿದ್ದರೂ ನನಗೆ ಹಲ್ಲಿತ್ತು. ಸೆಖೆಯೆಂದು, ಮಳೆಯೆಂದು, ಸುಮ್ಮಸುಮ್ಮನೆ ಎಷ್ಟು ಹಾಳೆಗಳನ್ನು ಕಚ್ಚಿ ಹಿಡಿದಿದ್ದೆ! ಆ ದಿನವೂ ಕಚ್ಚಿದ್ದರೆ ಮೇಡಂ ಇನ್ನೊಮ್ಮೆ ಪುಸ್ತಕ ತೆರೆದು, ಆ ಸಂದನ್ನು ನೋಡುತ್ತಿದ್ದರೋ ಏನೋ. ಪೂಜೆ ಮಾಡಿಸಿಕೊಂಡ ಗತ್ತಿನಲ್ಲಿದ್ದೆ. ಆ ಒಂದು ಹಾಳೆಯನ್ನು ಮಾತ್ರ ಸಲೀಸಾಗಿ ಬಿಟ್ಟುಕೊಟ್ಟೆ.